ಹಿಪ್ ರಿಪ್ಲೇಸ್‌ಮೆಂಟ್‌ನಲ್ಲಿ ಶಾರ್ಟ್ ಸ್ಟೆಮ್: ಒಪ್ಪಿಗೆ ಕೊಡುವ ಮುಂಚೆ, ಕೊಟ್ಟ ಮೇಲೆ

ಸೊಂಟದ ಕೀಲು ಸವೆದಿದೆ, ಬದಲಾಯಿಸಬೇಕು ಅಂತ ತೀರ್ಮಾನವಾಗಿದೆ. ಸರ್ಜನ್ ಎಕ್ಸ್‌ರೇ ನೋಡಿ, “ನಿಮಗಿನ್ನೂ ವಯಸ್ಸು ಕಡಿಮೆ, ಶಾರ್ಟ್ ಸ್ಟೆಮ್ ಹಾಕಬಹುದು” ಅಂದಿದ್ದಾರೆ. ಹೊರಗೆ ಬಂದ ಕೂಡಲೇ ಮನೆಯವರು ಕೇಳುವುದು ಒಂದೇ ಮಾತು: ಇದು ಹೊಸದು, ಚಿಕ್ಕದು, ಹಾಗಾದರೆ ಒಳ್ಳೆಯದೇ ಅಲ್ವಾ?

ಕೆಲವರಿಗೆ ಹೌದು, ಎಲ್ಲರಿಗೂ ಅಲ್ಲ. ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ತೊಡೆಮೂಳೆಯ ಒಳಗೆ ಕೂರಿಸುವ ಕಡ್ಡಿ, ಅಂದರೆ ಸ್ಟೆಮ್, ಗಿಡ್ಡವಾಯಿತು ಅಂತ ಆಪರೇಷನ್ ಚಿಕ್ಕದಾಗುವುದಿಲ್ಲ. ಅನಸ್ತೇಸಿಯಾ ಅದೇ, ಸೋಂಕಿನ ಭಯ ಅದೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಅದೇ. ವಾಕರ್ ಹಿಡಿದು ಓಡಾಡುವ ದಿನಗಳೂ ಹೆಚ್ಚು ಕಡಿಮೆ ಅಷ್ಟೇ. ಬದಲಾಗುವುದು ತೊಡೆಮೂಳೆಯ ಒಳಗೆ ಎಷ್ಟು ಮೂಳೆ ಉಳಿಯುತ್ತದೆ ಅನ್ನುವುದು. ಅದು ನಿಮಗೆ ಎಷ್ಟು ಮುಖ್ಯ ಅಂತ ಲೆಕ್ಕ ಹಾಕುವುದಕ್ಕೆ ಈ ಲೇಖನ.

ಹಂತ 1: ಯಾವ ಭಾಗ ಎಲ್ಲಿ ಕೂರುತ್ತದೆ ಅಂತ ತಿಳಿದುಕೊಳ್ಳಿ

ಸೊಂಟದ ಕೀಲು ಅಂದರೆ ಒಂದು ಬಟ್ಟಲು, ಅದರೊಳಗೆ ತಿರುಗುವ ಒಂದು ಚೆಂಡು. ಪೂರ್ತಿ ಬದಲಾಯಿಸುವಾಗ ನಾಲ್ಕು ಭಾಗ ಹಾಕುತ್ತಾರೆ. ಸೊಂಟದ ಮೂಳೆಗೆ ಲೋಹದ ಬಟ್ಟಲು. ಅದರೊಳಗೆ ಲೈನರ್, ಇದು ಗಟ್ಟಿ ಪ್ಲಾಸ್ಟಿಕ್‌ನದ್ದು ಅಥವಾ ಸೆರಾಮಿಕ್‌ನದ್ದು. ಲೈನರ್ ಒಳಗೆ ತಿರುಗುವ ಚೆಂಡು, ಸಾಮಾನ್ಯವಾಗಿ 28, 32 ಅಥವಾ 36 ಮಿ.ಮೀ. ಅಗಲದ್ದು. ಆ ಚೆಂಡನ್ನು ಹೊತ್ತುಕೊಂಡು ತೊಡೆಮೂಳೆಯೊಳಗೆ ಇಳಿಯುವ ಕಡ್ಡಿಯೇ ಸ್ಟೆಮ್.

ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ 1962ರ ಹೊತ್ತಿಗೆ ರೂಪಿಸಿದ ವಿಧಾನವೇ ಇವತ್ತಿನ ಹಿಪ್ ರಿಪ್ಲೇಸ್‌ಮೆಂಟ್‌ಗೆ ಬುನಾದಿ. ಮಾಮೂಲಿ ಸ್ಟೆಮ್ ಸಾಮಾನ್ಯವಾಗಿ ಸುಮಾರು 14ರಿಂದ 16 ಸೆಂ.ಮೀ. ಉದ್ದ ಇರುತ್ತದೆ. ತೊಡೆಮೂಳೆಯ ಮೇಲ್ಭಾಗ ದಾಟಿ, ಕೊಳವೆಯಂಥ ನಡುಭಾಗದವರೆಗೂ ಇಳಿಯುತ್ತದೆ. ಶಾರ್ಟ್ ಸ್ಟೆಮ್ ಸಾಮಾನ್ಯವಾಗಿ 12 ಸೆಂ.ಮೀ.ಗಿಂತ ಗಿಡ್ಡ. ಅದು ತೊಡೆಮೂಳೆಯ ಮೇಲಿನ ಅಗಲವಾದ ಭಾಗದಲ್ಲೇ ಹಿಡಿತ ಸಾಧಿಸಿ ನಿಲ್ಲುತ್ತದೆ.

ಇದರಿಂದ ಏನು ಲಾಭ? ನಾವು ನಡೆಯುವಾಗ ಭಾರ ತೊಡೆಮೂಳೆಯ ಮೇಲ್ಭಾಗದ ಮೂಲಕ ಕೆಳಗೆ ಇಳಿಯುತ್ತದೆ. ಉದ್ದದ ಸ್ಟೆಮ್ ಕೆಳಗಡೆ ಬಿಗಿಯಾಗಿ ಕೂತರೆ ಭಾರವೆಲ್ಲ ಅದರ ಮೂಲಕ ನೇರ ಕೆಳಗೆ ಹೋಗಿಬಿಡುತ್ತದೆ. ಮೇಲಿನ ಮೂಳೆಗೆ ಕೆಲಸವೇ ಇರುವುದಿಲ್ಲ. ಕೆಲಸ ಇಲ್ಲದ ಮೂಳೆ ವರ್ಷ ಕಳೆದಂತೆ ತೆಳುವಾಗುತ್ತದೆ. ಕೆಲವರಿಗೆ ಸ್ಟೆಮ್‌ನ ತುದಿ ಇರುವ ಜಾಗದಲ್ಲಿ ತೊಡೆನೋವೂ ಬರುತ್ತದೆ. ಗಿಡ್ಡ ಸ್ಟೆಮ್ ಹಾಕಿದರೆ ಮೇಲಿನ ಮೂಳೆಗೆ ಸ್ವಲ್ಪ ಹೆಚ್ಚು ಭಾರ ಸಿಗುತ್ತದೆ, ಕೆಳಗಿನ ಕೊಳವೆಯನ್ನು ಮುಟ್ಟುವುದೇ ಇಲ್ಲ. ಕೆಲವು ಮಾದರಿಗಳಲ್ಲಿ ತೊಡೆಮೂಳೆಯ ಕುತ್ತಿಗೆಯನ್ನೂ ಸಾಕಷ್ಟು ಉಳಿಸಿಕೊಳ್ಳುತ್ತಾರೆ.

ದೊಡ್ಡ ಲಾಭ ಇರುವುದು ಮುಂದೆ. ಹಾಕಿದ ಕೀಲು ಶಾಶ್ವತವಲ್ಲ. ನೋಂದಣಿ ದಾಖಲೆಗಳನ್ನು ಒಟ್ಟು ಮಾಡಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಬದಲಾಯಿಸಿದ ಸೊಂಟದ ಕೀಲುಗಳಲ್ಲಿ ಸುಮಾರು 58% ಮಾತ್ರ 25 ವರ್ಷ ಬಾಳಿವೆ. 70ರ ಅಜ್ಜಿಗೆ ಈ ಲೆಕ್ಕದ ಬಗ್ಗೆ ಚಿಂತೆ ಬೇಡ. 35ಕ್ಕೆ ಎವಿಎನ್ (ತೊಡೆಮೂಳೆಯ ಚೆಂಡು ಸಾಯುವ ಕಾಯಿಲೆ) ಬಂದವನಿಗೆ ಚಿಂತೆ ಇದೆ. ಅವನ ಜೀವನದಲ್ಲಿ ಎರಡನೇ ಆಪರೇಷನ್ ಬರುವ ಸಂಭವ ಜಾಸ್ತಿ. ಆವತ್ತು ಕೆಳಗೆ ಕೆಡದ ಮೂಳೆ ಉಳಿದಿದ್ದರೆ ಎಷ್ಟೋ ಸಲ ಮಾಮೂಲಿ ಉದ್ದದ ಸ್ಟೆಮ್‌ನಲ್ಲೇ ಕೆಲಸ ಮುಗಿಯುತ್ತದೆ.

ಹಾಗಂತ ದಿನನಿತ್ಯದ ನಡಿಗೆಯಲ್ಲಿ, ನೋವಿನಲ್ಲಿ ಭಾರಿ ವ್ಯತ್ಯಾಸ ಕಾಣುತ್ತದೆ ಅಂತ ಅಂದುಕೊಳ್ಳಬೇಡಿ. ಎರಡನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಮೊದಲ ಕೆಲವು ವರ್ಷಗಳ ಫಲಿತಾಂಶ ಹೆಚ್ಚು ಕಡಿಮೆ ಒಂದೇ. ಮಾಮೂಲಿ ಸ್ಟೆಮ್ ಹಾಕಿಸಿಕೊಂಡವರು ಏನೋ ಕಳೆದುಕೊಂಡೆವು ಅಂತ ಕೊರಗುವ ಅಗತ್ಯ ಇಲ್ಲ.

ಹಂತ 2: ನಿಮ್ಮ ಕೀಲು ಯಾಕೆ ಹಾಳಾಯಿತು ಅಂತ ಸ್ಪಷ್ಟ ಮಾಡಿಕೊಳ್ಳಿ

ನಮ್ಮಲ್ಲಿ ಚಿಕ್ಕ ವಯಸ್ಸಿನವರಿಗೆ ಹಿಪ್ ರಿಪ್ಲೇಸ್‌ಮೆಂಟ್ ಬೇಕಾಗುವುದಕ್ಕೆ ಮುಖ್ಯ ಕಾರಣ ಎವಿಎನ್, ಅಂದರೆ ತೊಡೆಮೂಳೆಯ ಚೆಂಡಿಗೆ ರಕ್ತ ಪೂರೈಕೆ ನಿಂತು ಅದು ಸಾಯುವುದು. ಸ್ಟಿರಾಯ್ಡ್, ಕುಡಿತ, ಹಳೆಯ ಪೆಟ್ಟು, ಸಿಕಲ್ ಸೆಲ್ ಅನ್ನುವ ವಂಶದಲ್ಲಿ ಬರುವ ರಕ್ತದ ಕಾಯಿಲೆ ಇವು ಕಾರಣಗಳಲ್ಲಿ ಕೆಲವು. ಕೋವಿಡ್ ಸಮಯದಲ್ಲಿ ಸ್ಟಿರಾಯ್ಡ್ ತೆಗೆದುಕೊಂಡ ಕೆಲವರಿಗೂ ಆಮೇಲೆ ಬಂತು. ಮಂಡಿನೋವಿಗೆ, ಅಸ್ತಮಾಕ್ಕೆ ಅಂತ ಊರಲ್ಲಿ ಕೊಡುವ ಲೇಬಲ್ ಇಲ್ಲದ ಮಾತ್ರೆ, ಪುಡಿಗಳಲ್ಲೂ ಸ್ಟಿರಾಯ್ಡ್ ಬೆರೆತಿರುವುದುಂಟು. ಅಂಥದ್ದು ತಿಂದಿದ್ದರೆ ನಾಚಿಕೆ ಬಿಟ್ಟು ಡಾಕ್ಟರ್‌ಗೆ ಹೇಳಿ.

ಎವಿಎನ್ ಆದರೆ ಎರಡು ಕೆಲಸ ಆಗಿದೆಯಾ ನೋಡಿ. ಎರಡೂ ಸೊಂಟದ ಎಂಆರ್‌ಐ ಆಗಿರಬೇಕು, ಯಾಕೆಂದರೆ ಎಷ್ಟೋ ಜನರಿಗೆ ಎರಡೂ ಕಡೆ ಇರುತ್ತದೆ, ನೋವು ಮಾತ್ರ ಒಂದು ಕಡೆ. ಇನ್ನೊಂದು, ಚೆಂಡು ಕುಸಿದಿದೆಯಾ ಇಲ್ಲವಾ ಅಂತ ಕೇಳಿ. ಕುಸಿಯುವ ಮುಂಚಿನ ಹಂತದಲ್ಲಿ ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸುವಂಥ ದಾರಿಗಳಿವೆ. ಕುಸಿದ ಮೇಲೆ ಅದರಿಂದ ದೊಡ್ಡ ಪ್ರಯೋಜನ ಇಲ್ಲ. ಬದಲಿ ಕೀಲೇ ಬೇಕಾ ಅನ್ನುವ ಪ್ರಶ್ನೆ ಮುಗಿಯದೆ ಯಾವ ಸ್ಟೆಮ್ ಅನ್ನುವ ಚರ್ಚೆಗೆ ಅರ್ಥ ಇಲ್ಲ.

ಹುಟ್ಟಿನಿಂದ ಬಟ್ಟಲು ಸರಿಯಾಗಿ ಬೆಳೆಯದವರು, ಬಾಲ್ಯದಲ್ಲಿ ಪರ್ಥಿಸ್ ಕಾಯಿಲೆ (ಚೆಂಡಿಗೆ ರಕ್ತ ಕಡಿಮೆಯಾಗಿ ಅದು ಹಾಳಾಗುವುದು) ಬಂದವರು, ಬೆನ್ನು, ಕೀಲು ಬಿಗಿದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರು ಇನ್ನೊಂದು ಗುಂಪು. ನಮ್ಮದೇ ಉದಾಹರಣೆ ಬೇಕೆಂದರೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗಮನಕ್ಕೆ ಬಂದ ಹಂದಿಗೋಡು ಕಾಯಿಲೆ. ಅದು ಕುಟುಂಬಗಳಲ್ಲಿ ಹರಿದು ಬರುತ್ತದೆ, ಚಿಕ್ಕ ವಯಸ್ಸಿಗೇ ಸೊಂಟದ ಕೀಲು ಹೋಗುತ್ತದೆ. ಇಂಥವರಲ್ಲಿ ತೊಡೆಮೂಳೆಯ ಆಕಾರವೇ ಬೇರೆ ಇರಬಹುದು. ಮೇಲ್ಭಾಗದ ಆಕಾರವನ್ನೇ ನಂಬಿ ನಿಲ್ಲುವ ಶಾರ್ಟ್ ಸ್ಟೆಮ್‌ಗೆ ಆಗ ಸರಿಯಾದ ನೆಲೆ ಸಿಗದೆ ಹೋಗಬಹುದು. ವಯಸ್ಸು ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಶಾರ್ಟ್ ಸ್ಟೆಮ್ ಅಂತ ತೀರ್ಮಾನಿಸುವುದು ನನ್ನ ಮಟ್ಟಿಗೆ ಅರ್ಧ ಲೆಕ್ಕ.

ಹಂತ 3: ಮೂಳೆ ಇದಕ್ಕೆ ಸರಿಯಾಗಿದೆಯಾ?

ಶಾರ್ಟ್ ಸ್ಟೆಮ್‌ಗಳನ್ನು ಬಹುತೇಕ ಸಿಮೆಂಟ್ ಇಲ್ಲದೆ ಕೂರಿಸುತ್ತಾರೆ. ಟೈಟಾನಿಯಂ ಲೋಹ, ಮೇಲೆ ಒರಟು ಪದರ, ಕೆಲವದಕ್ಕೆ ಮೂಳೆಯ ಖನಿಜದಂಥ ಲೇಪನವೂ ಇರುತ್ತದೆ. ಕೊಡಲಿಗೆ ಕಾವು ಹಾಕಿದ ಹಾಗೆ ಇದು: ಬಿಗಿಯಾಗಿ ಕೂತರೆ ಗಟ್ಟಿ, ಒಂದು ಸೈಜ್ ಸಣ್ಣದಾದರೆ ಸಡಿಲ. ಮೊದಲು ಬಿಗಿಯಿಂದ ನಿಲ್ಲಬೇಕು, ಆಮೇಲೆ ವಾರಗಳು, ತಿಂಗಳುಗಳು ಕಳೆದಂತೆ ಮೂಳೆ ಆ ಒರಟು ಪದರಕ್ಕೆ ಬೆಳೆದು ಅಂಟಿಕೊಳ್ಳಬೇಕು.

ಆದ್ದರಿಂದ ಮೇಲ್ಭಾಗದ ಮೂಳೆ ಗಟ್ಟಿ ಇರಬೇಕು. ತೊಡೆಮೂಳೆಯ ಕೊಳವೆ ಒಳಗೆ ಅಗಲವಾಗಿ, ಗೋಡೆ ತೆಳುವಾಗಿದ್ದರೆ, ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವುದು) ತುಂಬಾ ಇದ್ದರೆ ಶಾರ್ಟ್ ಸ್ಟೆಮ್ ಒಳ್ಳೆ ಆಯ್ಕೆ ಅಲ್ಲ. ಜಾರಿ ಬಿದ್ದು ತೊಡೆಮೂಳೆಯ ಕುತ್ತಿಗೆ ಮುರಿದ ವಯಸ್ಸಾದವರಿಗಂತೂ ಸಾಮಾನ್ಯವಾಗಿ ಸಿಮೆಂಟ್ ಹಾಕಿದ ಮಾಮೂಲಿ ಸ್ಟೆಮ್ಮೇ ಸುರಕ್ಷಿತ. ಅಜ್ಜಿಗೆ ದುಡ್ಡು ಕೊಟ್ಟಾದರೂ ಹೊಸದೇ ಹಾಕಿಸೋಣ ಅಂತ ಮಕ್ಕಳು ಹಟ ಹಿಡಿಯುವುದನ್ನು ನೋಡಿದ್ದೇನೆ. ಪ್ರೀತಿ ಅರ್ಥವಾಗುತ್ತದೆ, ಆದರೆ ಹಟ ತಪ್ಪು.

ಇದಕ್ಕೆ ಉಲ್ಟಾ ಪರಿಸ್ಥಿತಿಯೂ ಇದೆ. ಕೆಲವು ಯುವಕರ ತೊಡೆಮೂಳೆ ಮೇಲೆ ಅಗಲ, ಕೆಳಗೆ ತುಂಬಾ ಕಿರಿದು, ಗೋಡೆ ದಪ್ಪ. ಉದ್ದದ ಸ್ಟೆಮ್ ಹಾಕಿದರೆ ಕೆಳಗಡೆ ಮೊದಲು ಸಿಕ್ಕಿಕೊಂಡು ಮೇಲೆ ಸರಿಯಾಗಿ ಕೂರುವುದಿಲ್ಲ. ಅಂಥವರಿಗೆ ಶಾರ್ಟ್ ಸ್ಟೆಮ್ ನಿಜಕ್ಕೂ ಉಪಯೋಗ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಇದೆ. ಆ ಕಾಯಿಲೆಯಲ್ಲಿ ಮೂಳೆಯ ಕೊಳವೆ ಒಳಗೆ ಗಟ್ಟಿಯಾಗಿ ಮುಚ್ಚಿಕೊಂಡಿರಬಹುದು. ಕೆಳಗಿನವರೆಗೆ ಕೊರೆಯುವುದೇ ಅಪಾಯ. ಗಿಡ್ಡ ಸ್ಟೆಮ್ ಆ ಕೆಲಸ ತಪ್ಪಿಸುತ್ತದೆ, ಆದರೆ ಸೋಂಕಿನ ಭಯ ಹಾಗೇ ಉಳಿಯುತ್ತದೆ.

ತೊಡೆಮೂಳೆಗೆ ಹಿಂದೆ ಪ್ಲೇಟ್, ರಾಡ್, ಸ್ಕ್ರೂ ಹಾಕಿದ್ದರೆ ಹಳೆಯ ಎಕ್ಸ್‌ರೇ ತೆಗೆದುಕೊಂಡು ಹೋಗಿ. ರಂಧ್ರ ಇರುವ ಮೂಳೆ ದುರ್ಬಲ. ಅಂಥ ಕಡೆ ಆ ರಂಧ್ರಗಳನ್ನು ದಾಟಿ ಇಳಿಯುವ ಉದ್ದದ ಸ್ಟೆಮ್ ಬೇಕಾಗಬಹುದು.

ಹಂತ 4: ಅಳತೆಯ ಎಕ್ಸ್‌ರೇ

ಇದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ಲ. ಎರಡೂ ಸೊಂಟ ಕಾಣುವ ಹಾಗೆ, ಕಾಲುಗಳನ್ನು ಸ್ವಲ್ಪ ಒಳಕ್ಕೆ ತಿರುಗಿಸಿ, ಗೊತ್ತಿರುವ ಅಳತೆಯ ಒಂದು ಲೋಹದ ಗುಂಡು ಪಕ್ಕದಲ್ಲಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಆ ಗುಂಡಿನಿಂದ ಚಿತ್ರ ಎಷ್ಟು ದೊಡ್ಡದಾಗಿದೆ ಅಂತ ಲೆಕ್ಕ ಸಿಗುತ್ತದೆ. ಅದರ ಮೇಲೆ ಸರ್ಜನ್ ಕಂಪ್ಯೂಟರ್‌ನಲ್ಲಿ ಸ್ಟೆಮ್ ಇಟ್ಟು ನೋಡಿ, ಮೂಳೆ ಎಲ್ಲಿ ಕತ್ತರಿಸಬೇಕು, ಯಾವ ಸೈಜ್, ಕಾಲಿನ ಉದ್ದ ಏನಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕುತ್ತಾರೆ. ಶಾರ್ಟ್ ಸ್ಟೆಮ್‌ನಲ್ಲಿ ಕುತ್ತಿಗೆಯನ್ನು ಎಲ್ಲಿ ಕತ್ತರಿಸುತ್ತಾರೆ ಅನ್ನುವುದರ ಮೇಲೆ ಸ್ಟೆಮ್ ನೇರ ಕೂರುತ್ತದೋ ವಾಲಿ ಕೂರುತ್ತದೋ ನಿರ್ಧಾರವಾಗುತ್ತದೆ. ಕೆಲವು ಮಿ.ಮೀ. ವ್ಯತ್ಯಾಸಕ್ಕೂ ಬೆಲೆ ಇದೆ.

ಕಾಲು ಈಗಾಗಲೇ ಗಿಡ್ಡವಾಗಿದ್ದರೆ, ಒಂದು ಚಪ್ಪಲಿಗೆ ಹೀಲ್ ಕಟ್ಟಿಸಿಕೊಂಡಿದ್ದರೆ ಆವತ್ತೇ ಹೇಳಿ.

ಹಂತ 5: ಸರ್ಜನ್ ಹತ್ತಿರ ಇಷ್ಟು ಕೇಳಿ

ಪ್ರಶ್ನೆ ಕೇಳಿದರೆ ಡಾಕ್ಟರ್ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಭಯ ನಮ್ಮವರಿಗೆ ಜಾಸ್ತಿ. ಚೀಟಿಯಲ್ಲಿ ಬರೆದುಕೊಂಡು ಹೋಗಿ, “ಡಾಕ್ಟ್ರೇ, ಇದೊಂದು ಹೇಳಿಬಿಡಿ” ಅಂತ ಕೇಳಿದರೆ ಹೆಚ್ಚಿನವರು ಸಮಾಧಾನವಾಗಿಯೇ ಹೇಳುತ್ತಾರೆ.

“ನನಗೆ ಮಾಮೂಲಿ ಸ್ಟೆಮ್ ಯಾಕೆ ಬೇಡ?” ಉತ್ತರ ನಿಮ್ಮ ಎಕ್ಸ್‌ರೇ ತೋರಿಸಿ ಬರಬೇಕು. “ಇದು ಲೇಟೆಸ್ಟ್” ಅನ್ನುವುದು ಉತ್ತರವಲ್ಲ.

“ಯಾವ ಮಾದರಿ, ಎಷ್ಟು ವರ್ಷದಿಂದ ಇದೆ?” ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1980ರ ದಶಕದಲ್ಲೇ ಒಂದು ಶಾರ್ಟ್ ಸ್ಟೆಮ್ ಬಳಕೆಗೆ ಬಂದಿತ್ತು. 2000ದ ನಂತರ ಯುರೋಪಿನಿಂದ ಮೇಥಾ, ನ್ಯಾನೋಸ್, ಫಿಟ್‌ಮೋರ್, ಆಪ್ಟಿಮಿಸ್ ಹೀಗೆ ಸಾಲಾಗಿ ಬಂದವು. ಎಲ್ಲವೂ ಒಂದೇ ಅಲ್ಲ. ಕೆಲವು ಕುತ್ತಿಗೆಯಲ್ಲೇ ನಿಲ್ಲುತ್ತವೆ, ಕೆಲವು ಬಾಗಿಕೊಂಡು ಒಳಗೋಡೆಯ ಉದ್ದಕ್ಕೆ ಇಳಿಯುತ್ತವೆ, ಕೆಲವು ಹಳೆಯ ನೇರ ಸ್ಟೆಮ್ಮನ್ನೇ ತುದಿ ಕತ್ತರಿಸಿ ಗಿಡ್ಡ ಮಾಡಿದಂಥವು. ಮೇಥಾದ ಆರಂಭದ ಒಂದು ಬಗೆಯಲ್ಲಿ ಕುತ್ತಿಗೆಯನ್ನು ಬೇರೆ ತುಂಡಾಗಿ ಜೋಡಿಸುತ್ತಿದ್ದರು. ಆ ಟೈಟಾನಿಯಂ ಕುತ್ತಿಗೆಗಳು ಕೆಲವರಲ್ಲಿ ಮುರಿದವು, ಆಮೇಲೆ ಅದನ್ನು ಕೈಬಿಟ್ಟರು. ಹೊಸದರಲ್ಲಿ ಇರುವ ತೊಂದರೆ ಇದೇ: ದೋಷ ಕಾಣುವುದಕ್ಕೂ ಸಮಯ ಬೇಕು.

ಮಾದರಿಯ ಹೆಸರು ಸಿಕ್ಕಿದರೆ ನೀವೇ ಸ್ವಲ್ಪ ಹುಡುಕಬಹುದು. ಬ್ರಿಟನ್ನಿನಲ್ಲಿ ಓಡೆಪ್ ಅನ್ನುವ ಒಂದು ತಜ್ಞರ ಸಮಿತಿ ಇದೆ. ಯಾವ ಇಂಪ್ಲಾಂಟ್ ಎಷ್ಟು ವರ್ಷ ಚೆನ್ನಾಗಿ ಬಾಳಿದ ದಾಖಲೆ ಇದೆ ಅಂತ ನೋಡಿ ಅದು ರೇಟಿಂಗ್ ಕೊಡುತ್ತದೆ. 10ಎ ಸ್ಟಾರ್ ಅಂದರೆ 10 ವರ್ಷದ ಒಳ್ಳೆ ದಾಖಲೆ ಇದೆ ಅಂತ. ಸ್ವೀಡನ್ 1979ರಿಂದ, ಆಸ್ಟ್ರೇಲಿಯಾ 1999ರಿಂದ ಹಾಕಿದ ಸೊಂಟದ ಕೀಲುಗಳ ನೋಂದಣಿ ಇಟ್ಟಿವೆ. ಹೆಸರು, ದಾಖಲೆ ಏನೂ ಇಲ್ಲದ ಶಾರ್ಟ್ ಸ್ಟೆಮ್‌ಗಿಂತ 15 ವರ್ಷದ ದಾಖಲೆ ಇರುವ ಮಾಮೂಲಿ ಸ್ಟೆಮ್ಮನ್ನೇ ನಾನು ಆರಿಸಿಕೊಳ್ಳುತ್ತೇನೆ.

“ಈ ಮಾದರಿಯನ್ನು ನೀವು ಆಗಾಗ ಹಾಕುತ್ತೀರಾ?” ಇದನ್ನು ಕೇಳುವುದು ಕಷ್ಟ, ಆದರೂ ಕೇಳಿ. ಶಾರ್ಟ್ ಸ್ಟೆಮ್ ಕೈ ಪಳಗಬೇಕಾದ ಕೆಲಸ. ಉದ್ದದ ಸ್ಟೆಮ್‌ಗೆ ಕೊಳವೆಯೇ ದಾರಿ ತೋರಿಸುತ್ತದೆ, ಇದಕ್ಕೆ ಆ ಆಸರೆ ಇಲ್ಲ. ಹೊಸದಾಗಿ ಶುರು ಮಾಡಿದವರಲ್ಲಿ ಸೈಜ್ ಸಣ್ಣದಾಗುವುದು, ವಾಲಿ ಕೂರುವುದು, ಬಡಿದು ಕೂರಿಸುವಾಗ ಮೂಳೆ ಸೀಳುವುದು ಇಂಥವು ಹೆಚ್ಚು.

“ಒಳಗೆ ನೋಡಿದಾಗ ಬಿಗಿ ಸಿಗಲಿಲ್ಲ ಅಂದರೆ ಏನು ಮಾಡುತ್ತೀರಿ?” ಎಲ್ಲಕ್ಕಿಂತ ಮುಖ್ಯ ಇದು. ಮಾಮೂಲಿ ಸ್ಟೆಮ್‌ನ ಸೆಟ್ಟೂ ಅದೇ ಥಿಯೇಟರ್‌ನಲ್ಲಿ ರೆಡಿ ಇರುತ್ತದೆ, ಸೀಳು ಬಿದ್ದರೆ ಸುತ್ತಲು ತಂತಿಯೂ ಇರುತ್ತದೆ ಅನ್ನುವ ಉತ್ತರ ಬರಬೇಕು. ಒಪ್ಪಿಗೆ ಪತ್ರದಲ್ಲೂ “ಅಗತ್ಯ ಬಿದ್ದರೆ ಮಾಮೂಲಿ ಸ್ಟೆಮ್” ಅಂತ ಬರೆಸಿ. ಟೇಬಲ್ ಮೇಲೆ ಮನಸ್ಸು ಬದಲಾಯಿಸುವ ಸರ್ಜನ್ ಒಳ್ಳೆಯ ಸರ್ಜನ್.

ಇನ್ನು ಲೈನರ್ ಮತ್ತು ಚೆಂಡಿನ ವಿಷಯ. ಕೀಲು ಎಷ್ಟು ಬೇಗ ಸವೆಯುತ್ತದೆ, ಜಾರುತ್ತದೋ ಇಲ್ಲವೋ ಅನ್ನುವುದರಲ್ಲಿ ಇವುಗಳ ಪಾಲು ಸ್ಟೆಮ್ ಉದ್ದಕ್ಕಿಂತ ಜಾಸ್ತಿ. ಅದನ್ನು ಕೇಳದೆ ಬರೀ ಸ್ಟೆಮ್ ಬಗ್ಗೆ ಮಾತಾಡಿ ಎದ್ದು ಬರಬೇಡಿ.

ಹಂತ 6: ದುಡ್ಡು ಮತ್ತು ಕಾಗದ

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಆ ಆದೇಶ ಸೊಂಟದ ಕೀಲಿಗೆ ಅನ್ವಯಿಸುವುದಿಲ್ಲ. ಅದಕ್ಕೇ ಎರಡು ಆಸ್ಪತ್ರೆಗಳ ಅಂದಾಜಿನಲ್ಲಿ ಅಷ್ಟು ವ್ಯತ್ಯಾಸ. ಪ್ಯಾಕೇಜ್‌ನಲ್ಲಿ ಇಂಪ್ಲಾಂಟ್ ಸೇರಿದೆಯಾ, ಯಾವ ಇಂಪ್ಲಾಂಟ್, ಸೆರಾಮಿಕ್ ಚೆಂಡಿಗೆ ಬೇರೆ ಬಿಲ್ಲಾ, ಆಪರೇಷನ್ ನಡುವೆ ಸ್ಟೆಮ್ ಬದಲಾದರೆ ಬಿಲ್ ಎಷ್ಟಾಗುತ್ತದೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಯೋಜನೆಯ ಪ್ಯಾಕೇಜ್‌ಗೆ ನಿಗದಿಯಾದ ದರ ಇರುವುದರಿಂದ ನೀವು ಕೇಳಿದ ಬ್ರ್ಯಾಂಡಿನ ಶಾರ್ಟ್ ಸ್ಟೆಮ್ ಅದರಲ್ಲಿ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಯೋಜನೆಯ ಕೆಲಸ ನೋಡಿಕೊಳ್ಳಲು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಹತ್ತಿರ ಮೊದಲೇ ವಿಚಾರಿಸಿ. ಬೆಂಗಳೂರಿನ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಮೂಳೆ ಆಸ್ಪತ್ರೆಗಳನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಖಾಸಗಿ ವಿಮೆ ಇದ್ದರೆ ಕೀಲು ಬದಲಿಗೆ ಕಾಯುವ ಅವಧಿ ಇದೆಯಾ ನೋಡಿ. ಹಲವು ಪಾಲಿಸಿಗಳಲ್ಲಿ 2 ವರ್ಷ ಇರುತ್ತದೆ.

ಸ್ಟೆಮ್ ಸಿಗುವುದು ಶಾರ್ಟ್ ಆಗಲಿ ಮಾಮೂಲಿ ಆಗಲಿ, ಅದರ ಜೊತೆ ಬರುವ ಸ್ಟಿಕ್ಕರ್‌ಗಳನ್ನು ಬಿಡಬೇಡಿ. ಪ್ರತಿ ಭಾಗದ ಪೆಟ್ಟಿಗೆಯಲ್ಲೂ ಕಂಪನಿ, ಮಾದರಿ, ಸೈಜ್, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದನ್ನು ಅಂಟಿಸಿ ಕೊಡಿ ಅಂತ ಕೇಳಿ. ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2010ರ ಆಗಸ್ಟ್‌ನಲ್ಲಿ ಎಎಸ್‌ಆರ್ ಅನ್ನುವ ಹಿಪ್ ಇಂಪ್ಲಾಂಟನ್ನು ಡಿಪ್ಯೂ ಕಂಪನಿ ವಿಶ್ವದಾದ್ಯಂತ ವಾಪಸ್ ತೆಗೆದುಕೊಂಡಿತು. ಲೋಹದ ಬಟ್ಟಲಿನೊಳಗೆ ಲೋಹದ ಚೆಂಡು ಉಜ್ಜಿ ಸೂಕ್ಷ್ಮ ಕಣಗಳು ಉದುರುತ್ತಿದ್ದವು. ಭಾರತದಲ್ಲಿ ಸುಮಾರು 4,700 ಜನರಿಗೆ ಅದನ್ನು ಹಾಕಿದ್ದರು. ಅವರಲ್ಲಿ ಹೆಚ್ಚಿನವರು ಎಲ್ಲಿದ್ದಾರೆ ಅಂತಲೇ ಪತ್ತೆಯಾಗಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಪರಿಹಾರದ ಸೂತ್ರ ಒಪ್ಪಿದಾಗ ಯಾವ ಇಂಪ್ಲಾಂಟ್ ಹಾಕಿದ್ದು ಅನ್ನುವ ಕಾಗದ ಇಲ್ಲದವರಿಗೆ ಕಷ್ಟವಾಯಿತು. ಅದು ಶಾರ್ಟ್ ಸ್ಟೆಮ್ ಕಥೆ ಅಲ್ಲ. ಆದರೆ “ಯುವಕರಿಗೆ ಒಳ್ಳೆಯದು, ಹೊಸದು” ಅಂತಲೇ ಅದನ್ನೂ ಹಾಕಿದ್ದರು.

ಹಂತ 7: ಆಪರೇಷನ್‌ಗೆ ಮುಂಚೆ ಮೈ, ಮನೆ

ಶುಗರ್ ಹತೋಟಿಗೆ ಬರಲಿ, ಮೂರು ತಿಂಗಳ ಸರಾಸರಿ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಸರಿಪಡಿಸಿಕೊಳ್ಳಿ. ಹುಳುಕು ಹಲ್ಲು, ಮೂತ್ರದ ಸೋಂಕು, ಕಾಲಿನ ಹುಣ್ಣು, ಹಿಮ್ಮಡಿಯ ಆಳ ಬಿರುಕು ಯಾವುದೂ ಬಾಕಿ ಇರಬಾರದು. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆ ಬಿರುಕಿನಿಂದ ರಕ್ತಕ್ಕೆ ಹೋದ ಕೀಟಾಣು ಹೊಸ ಕೀಲಿಗೆ ಹೋಗಿ ಕೂರಬಹುದು. ಬೀಡಿ, ಸಿಗರೇಟ್ ನಿಲ್ಲಿಸಿ. ಮೂಳೆ ಸ್ಟೆಮ್ಮಿಗೆ ಅಂಟಬೇಕಾದ ಆಪರೇಷನ್ ಇದು, ಹೊಗೆ ಅದಕ್ಕೇ ಅಡ್ಡ. ರಕ್ತ ತೆಳು ಮಾಡುವ ಮಾತ್ರೆ, ಸ್ಟಿರಾಯ್ಡ್ ಇವುಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರ್ ಹೇಳಲಿ.

ಮನೆಯಲ್ಲಿ ಮೊದಲು ನೋಡಬೇಕಾದದ್ದು ಟಾಯ್ಲೆಟ್. ಇಂಡಿಯನ್ ಟಾಯ್ಲೆಟ್ ಒಂದೇ ಇದ್ದರೆ ಅದರ ಮೇಲೆ ಇಡುವ ಕಮೋಡ್ ಚೇರ್ ತನ್ನಿ, ಮೆಡಿಕಲ್ ಸಲಕರಣೆ ಅಂಗಡಿಗಳಲ್ಲಿ ಬಾಡಿಗೆಗೂ ಸಿಗುತ್ತದೆ. ವೆಸ್ಟರ್ನ್ ಇದ್ದರೂ ಎತ್ತರ ಕಡಿಮೆ ಇದ್ದರೆ ಮೇಲೆ ಎತ್ತರ ಹೆಚ್ಚಿಸುವ ರೈಸರ್ ಬೇಕು. ಬಚ್ಚಲಿನ ಪಾಚಿ ತಿಕ್ಕಿಸಿ, ಸ್ನಾನಕ್ಕೆ ಕಾಲು ಜಾರದ ಎತ್ತರದ ಸ್ಟೂಲ್ ಇಡಿ. ಮಣೆ ಬೇಡ. ಮಂಚಕ್ಕೆ ಎತ್ತರ ಇರಲಿ. ನಡುಮನೆಯ ಹೊಸಿಲು ಎತ್ತರ ಇದ್ದರೆ ವಾಕರ್ ದಾಟಿಸುವುದನ್ನು ಮುಂಚೆಯೇ ಅಭ್ಯಾಸ ಮಾಡಿ. ಕಾಲೊರಸು, ಚಾಪೆ, ವೈರು ಎಲ್ಲ ಎತ್ತಿಡಿ.

ಹಂತ 8: ಮೊದಲ ಆರು ವಾರ

ಈಗಿನ ಪದ್ಧತಿಯಲ್ಲಿ ಅದೇ ದಿನ ಅಥವಾ ಮಾರನೇ ದಿನ ವಾಕರ್ ಕೊಟ್ಟು ನಿಲ್ಲಿಸುತ್ತಾರೆ. ಶಾರ್ಟ್ ಸ್ಟೆಮ್‌ನಲ್ಲಿ ಒಂದು ಪ್ರಶ್ನೆ ಮಾತ್ರ ಸ್ಪಷ್ಟ ಆಗಿರಬೇಕು: ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದಾ, ಅರ್ಧವಾ? ಕೆಲವು ಸರ್ಜನ್‌ಗಳು ಮೊದಲ ದಿನವೇ ಪೂರ್ತಿ ಭಾರ ಬಿಡುತ್ತಾರೆ. ಇನ್ನು ಕೆಲವರು ನಾಲ್ಕರಿಂದ ಆರು ವಾರ ಅರ್ಧ ಭಾರ ಅನ್ನುತ್ತಾರೆ. ಪಕ್ಕದ ಬೆಡ್ಡಿನವರು ಓಡಾಡುತ್ತಿದ್ದಾರೆ ಅಂತ ನೀವೂ ಹೊರಡಬೇಡಿ. ಅವರ ಮೂಳೆ ಬೇರೆ, ಸ್ಟೆಮ್ ಬೇರೆ. ಗಿಡ್ಡ ಸ್ಟೆಮ್ ಮೊದಲ ವಾರಗಳಲ್ಲಿ ಒಂದೆರಡು ಮಿ.ಮೀ. ಇಳಿದು ನಿಲ್ಲುವುದು ಉಂಟು, ಅದಕ್ಕೆ ಗಾಬರಿ ಬೇಡ. ಇಳಿಯುತ್ತಲೇ ಹೋದರೆ ತೊಂದರೆ. ದಪ್ಪ ಇರುವವರು, ಭಾರ ಎತ್ತುವ ಅಭ್ಯಾಸ ಇರುವವರು ಈ ಅವಧಿಯಲ್ಲಿ ಬಿಂದಿಗೆ, ಅಕ್ಕಿ ಮೂಟೆ, ಮಗು ಯಾವುದನ್ನೂ ಎತ್ತಬಾರದು.

ಮೆಟ್ಟಿಲಿಗೆ ಒಂದು ಸೂತ್ರ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮಲಗಿದಾಗ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆ ಅಥವಾ ಇಂಜೆಕ್ಷನ್ ಹೇಳಿದಷ್ಟು ದಿನ ತೆಗೆದುಕೊಳ್ಳಿ. ಚೆನ್ನಾಗಿದ್ದೇನೆ ಅಂತ ನಡುವೆ ಬಿಡುವವರೇ ಜಾಸ್ತಿ.

ಮೀನಖಂಡ ಊದಿ ನೋಯುವುದು, ಗಾಯದಿಂದ ನೀರು ಅಥವಾ ಕೀವು ಬರುವುದು, ಜ್ವರ ಇವಕ್ಕೆ ಅವತ್ತೇ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಅಥವಾ ಕಾಲು ಒಮ್ಮೆಲೇ ಗಿಡ್ಡವಾಗಿ ತಿರುಗಿಕೊಂಡು ಎದ್ದು ನಿಲ್ಲಲಾಗದಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಹಂತ 9: ನೆಲದ ಮೇಲೆ ಕೂರಬಹುದಾ?

ನಮ್ಮ ಕಡೆ ಎಲ್ಲರ ಪ್ರಶ್ನೆ ಕೊನೆಗೆ ಇಲ್ಲಿಗೇ ಬರುತ್ತದೆ. ಶಾರ್ಟ್ ಸ್ಟೆಮ್ ಹಾಕಿದರೆ ಚಕ್ಕಳಮಕ್ಕಳ ಹಾಕಿ ಕೂರಬಹುದು, ಪಂಕ್ತಿಯಲ್ಲಿ ಊಟ ಮಾಡಬಹುದು ಅಂತ ಯಾರೋ ಹೇಳಿರುತ್ತಾರೆ. ಕೀಲು ಎಷ್ಟು ಬಾಗುತ್ತದೆ, ಯಾವಾಗ ಜಾರುತ್ತದೆ ಅನ್ನುವುದು ಬಟ್ಟಲನ್ನು ಯಾವ ಕೋನದಲ್ಲಿ ಕೂರಿಸಿದ್ದಾರೆ, ಚೆಂಡು ಎಷ್ಟು ದೊಡ್ಡದು, ಸ್ನಾಯು ಎಷ್ಟು ಗಟ್ಟಿಯಾಗಿದೆ, ಯಾವ ಕಡೆಯಿಂದ ಆಪರೇಷನ್ ಮಾಡಿದ್ದಾರೆ ಇವುಗಳ ಮೇಲೆ ನಿಂತಿದೆ. ಬಾಗಿದ ಶಾರ್ಟ್ ಸ್ಟೆಮ್ಮನ್ನು ಮುಂದಿನಿಂದ, ಸ್ನಾಯು ಹೆಚ್ಚು ಕತ್ತರಿಸದೆ ಕೂರಿಸುವುದು ಸುಲಭ ಅನ್ನುವುದು ನಿಜ. ಸ್ಟೆಮ್ ಗಿಡ್ಡ ಅಂದ ಮಾತ್ರಕ್ಕೆ ನೆಲದ ಪರವಾನಗಿ ಸಿಗುವುದಿಲ್ಲ.

ಹಿಂದಿನಿಂದ ಆಪರೇಷನ್ ಆಗಿದ್ದರೆ ಸಾಮಾನ್ಯವಾಗಿ ಮೊದಲ ಆರರಿಂದ ಹನ್ನೆರಡು ವಾರ ಮೂರು ಕೆಲಸ ಬೇಡ: ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸುವುದು, ಕಾಲ ಮೇಲೆ ಕಾಲು ಹಾಕುವುದು, ಪಾದವನ್ನು ಒಳಕ್ಕೆ ತಿರುಗಿಸುವುದು. ಬಗ್ಗಿ ಚಪ್ಪಲಿ ಹಾಕುವುದು, ಕುಕ್ಕರಗಾಲಲ್ಲಿ ಕೂತು ತರಕಾರಿ ಹೆಚ್ಚುವುದು, ರಂಗೋಲಿ ಹಾಕುವುದು ಎಲ್ಲ ಇದರಲ್ಲೇ ಬಂತು. ದೇವಸ್ಥಾನದಲ್ಲಿ ನಿಂತೇ ನಮಸ್ಕಾರ ಮಾಡಿ. ನಮಾಜ್ ಕುರ್ಚಿಯ ಮೇಲೆ ಮಾಡಿ. ಸ್ಕೂಟರ್ ಹಿಂದೆ ಒಂದು ಬದಿಗೆ ಕೂರುವುದು ಬೇಡವೇ ಬೇಡ. ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಅದನ್ನೂ ಸ್ವಲ್ಪ ದಿನ ತಪ್ಪಿಸಿ.

ಮೂರು ತಿಂಗಳ ನಂತರ ಕೆಲವರಿಗೆ ನೆಲದ ಮೇಲೆ ಕೂರಲು ಅನುಮತಿ ಸಿಗುತ್ತದೆ. ಸಿಕ್ಕಿದರೂ ಫಿಸಿಯೋಥೆರಪಿಸ್ಟ್ ಎದುರಿಗೆ ಮೊದಲ ಸಲ ಪ್ರಯತ್ನಿಸಿ. ಕೂರುವಾಗ ಮಾತ್ರವಲ್ಲ, ಏಳುವಾಗಲೂ ಕೀಲು ಜಾರುವ ಸಂಭವ ಇರುತ್ತದೆ.

ಹಂತ 10: ವರ್ಷಗಳ ತಪಾಸಣೆ

ಆರು ವಾರಕ್ಕೆ, ಮೂರು ತಿಂಗಳಿಗೆ, ವರ್ಷಕ್ಕೆ ಎಕ್ಸ್‌ರೇ. ಆಮೇಲೆ ಸರ್ಜನ್ ಹೇಳಿದಂತೆ ಕೆಲವು ವರ್ಷಕ್ಕೊಮ್ಮೆ. ನೋವಿಲ್ಲ ಅಂತ ತಪ್ಪಿಸಬೇಡಿ. ಸ್ಟೆಮ್ ನಿಧಾನವಾಗಿ ಸಡಿಲವಾಗುವಾಗ ನೋವು ತಡವಾಗಿ ಬರುತ್ತದೆ, ಎಕ್ಸ್‌ರೇಯಲ್ಲಿ ಮುಂಚೆಯೇ ಕಾಣುತ್ತದೆ. ಹೊಸದಾಗಿ ತೊಡೆಸಂದಿಯಲ್ಲೋ ತೊಡೆಯಲ್ಲೋ ನೋವು ಶುರುವಾದರೆ, ಕೂತು ಏಳುವಾಗ ಮೊದಲ ನಾಲ್ಕು ಹೆಜ್ಜೆ ಕಷ್ಟವಾದರೆ ಮುಂದಿನ ತಪಾಸಣೆಯ ತನಕ ಕಾಯಬೇಡಿ.

ಪ್ರತಿ ಸಲವೂ ಆಪರೇಷನ್ ಆದ ತಕ್ಷಣ ತೆಗೆದ ಮೊದಲ ಎಕ್ಸ್‌ರೇ ತೆಗೆದುಕೊಂಡು ಹೋಗಿ. ಸ್ಟೆಮ್ ಎಷ್ಟು ಇಳಿದಿದೆ, ಎಷ್ಟು ವಾಲಿದೆ ಅಂತ ಹೇಳಬೇಕಾದರೆ ಹೋಲಿಸಲು ಅದು ಬೇಕೇ ಬೇಕು. ಫಿಲಂ ಕೊಡದೆ ಕಂಪ್ಯೂಟರ್‌ನಲ್ಲೇ ತೋರಿಸಿ ಕಳಿಸುವ ಆಸ್ಪತ್ರೆಗಳೂ ಇವೆ, ಅಲ್ಲಿ ಸಿಡಿ ಅಥವಾ ಫೈಲ್ ಕೇಳಿ ತೆಗೆದುಕೊಳ್ಳಿ. ಊರು ಬದಲಾದರೆ, ಸರ್ಜನ್ ಬದಲಾದರೆ ಸ್ಟಿಕ್ಕರ್ ಮತ್ತು ಈ ಎಕ್ಸ್‌ರೇ ಎರಡೂ ಜೊತೆಗಿರಲಿ. ಇಂಪ್ಲಾಂಟ್‌ನಲ್ಲೇ ದೋಷ ಅನ್ನುವ ಅನುಮಾನ ಬಂದರೆ 2015ರಲ್ಲಿ ಶುರುವಾದ ಭಾರತದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ, ಅಂದರೆ ವೈದ್ಯಕೀಯ ಸಲಕರಣೆಗಳ ದೋಷದ ಮೇಲೆ ಕಣ್ಣಿಡುವ ವ್ಯವಸ್ಥೆಗೆ, ವರದಿ ಮಾಡಬಹುದು. ಅದನ್ನು ನೋಡಿಕೊಳ್ಳುವುದು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. ಆ ಫಾರಂ ತುಂಬುವಾಗಲೂ ಮಾದರಿಯ ಹೆಸರು, ಲಾಟ್ ನಂಬರ್ ಬೇಕಾಗುತ್ತದೆ.